ಬಿಸಿಯಾದಾಗ ಮುನಿಸಿಕೊಳ್ಳುವ ಕಾರು

ತುಮಕೂರಿನಲ್ಲಿರುವ ನಮ್ಮ ಭಾವನವರ ಬಳಿ ಇಪ್ಪತ್ತು ವರ್ಷ ದಾಟಿದ ಜರ್ಮನ್ ಸೆಡಾನ್ ಒಂದಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒದಲ್ಲಿ ಆರ್‌ಸಿ ನವೀಕರಿಸಿಕೊಂಡು, ಇಂದಿಗೂ ಅದನ್ನು ಜತನದಿಂದ ಓಡಿಸುತ್ತಿದ್ದಾರೆ. ಬೆಳಗ್ಗೆ ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಗುವ ಈ ಕಾರು, ಬೆಂಗಳೂರಿಗೆ ಹೊರಟು ದಾಬಸ್‌ಪೇಟೆಯಲ್ಲಿ ಕಾಫಿಗೆಂದು ನಿಲ್ಲಿಸಿದರೆ ಕೆಲವೊಮ್ಮೆ ಅಲ್ಲಿಂದ ಕದಲುತ್ತಿರಲಿಲ್ಲ. ಅರ್ಧ ಗಂಟೆ ಕಳೆದರೆ ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ವರ್ಕ್‌ಶಾಪಿಗೆ ಒಯ್ದಾಗಲೆಲ್ಲ ಸರಿಯಾಗಿಯೇ ಇರುತ್ತಿದ್ದುದರಿಂದ, ಬ್ಯಾಟರಿ, ಪ್ಲಗ್ಗುಗಳು, ಕೊನೆಗೆ ಪೆಟ್ರೋಲ್ ಪಂಪು, ಹೀಗೆ ಒಂದೊಂದಾಗಿ ಹೊಸದಾದವು. ದೋಷ ಮಾತ್ರ ಹಳೆಯದೇ ಉಳಿಯಿತು.

ಆಗೊಮ್ಮೆ ಈಗೊಮ್ಮೆ ಕಾಣಿಸುವ ದೋಷವನ್ನು ಅದು ಇಲ್ಲದ ಹೊತ್ತಿನಲ್ಲಿ ಹುಡುಕಿ ಫಲವಿಲ್ಲ. ಆದ್ದರಿಂದ ಭಾವನವರಿಗೆ ಒಂದು ಸಣ್ಣ ಪುಸ್ತಕ ಕೊಟ್ಟು, ಕಾರು ಕೈಕೊಟ್ಟಾಗ ನಾಲ್ಕೇ ಸಂಗತಿ ಬರೆದಿಡಿ ಎಂದು ಕೇಳಿಕೊಂಡೆ: ಎಂಜಿನ್ ಬಿಸಿಯಾಗಿತ್ತೇ, ಸೆಲ್ಫ್ ಹೊಡೆಯಿತೇ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗಾಡಿತೇ, ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಎಂಬ ಸದ್ದು ಕೇಳಿಸಿತೇ. "ಸ್ಟಾರ್ಟ್ ಆಗಲ್ಲ ಅಂದ್ರೆ ಆಗಲ್ಲ ಅಷ್ಟೇ ಕಣಯ್ಯ, ಅದರಲ್ಲಿ ಬರೆಯೋದೇನಿದೆ" ಎಂದು ಅವರು ಗೊಣಗಿದರೂ ಬರೆದರು. ಆ ಪುಟಗಳನ್ನು ನೋಡಿದಾಗ, ಒಂದೇ ದೂರಿನ ಅಡಿಯಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿದ್ದವೆಂಬುದು ತಿಳಿಯಿತು. ಕೆಲವು ಸಲ ಸೆಲ್ಫ್ ಚೆನ್ನಾಗಿ ಹೊಡೆದರೂ ಎಂಜಿನ್ ಹಿಡಿಯುತ್ತಿರಲಿಲ್ಲ. ಇನ್ನು ಕೆಲವು ಸಲ ಟಕ್ ಎಂಬ ಒಂದು ಸದ್ದು ಬಿಟ್ಟರೆ ಎಂಜಿನ್ ತಿರುಗುತ್ತಲೇ ಇರಲಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಚಿಕಿತ್ಸೆ ಮಾಡುವವರಿಗೆ ಯಾವುದೂ ಸಿಕ್ಕುವುದಿಲ್ಲ.

ಟಕ್ ಎನ್ನುವ ಕಾಯಿಲೆಯನ್ನೇ ಮೊದಲು ಹಿಡಿದೆವು. ಬ್ಯಾಟರಿ ಹೊಸದು, ಎಂಜಿನ್ ನಿಂತಿರುವಾಗ 12.6 ವೋಲ್ಟ್ ತೋರಿಸುತ್ತಿತ್ತು. ಶಿರಾ ಗೇಟಿನ ಕಡೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಸೆಲ್ಫ್ ಮೋಟಾರ್ ಬಿಚ್ಚುವ ಮಾತೆತ್ತಲೇ ಇಲ್ಲ. "ಸಾರ್, ಮೊದಲು ಅರ್ತ್ ನೋಡೋಣ" ಎಂದರು. ಅರ್ತ್ ಎಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ. ಇಂಥ ಕಾರುಗಳಲ್ಲಿ ಹಲವದರ ಬ್ಯಾಟರಿ ಡಿಕ್ಕಿಯಲ್ಲಿಯೋ ಹಿಂದಿನ ಸೀಟಿನ ಕೆಳಗೋ ಇರುತ್ತದೆ. ಸೆಲ್ಫ್ ಮೋಟಾರಿಗೆ ಹೋಗುವ ಕರೆಂಟು ಉದ್ದನೆಯ ಕೇಬಲ್ಲಿನಲ್ಲಿ ಮುಂದಕ್ಕೆ ಹೋಗಿ, ಎಂಜಿನ್ ಬ್ಲಾಕಿನಿಂದ ಹೆಣೆದ ತಾಮ್ರದ ಪಟ್ಟಿಯ ಮೂಲಕ ಬಾಡಿಗೆ ಇಳಿದು, ಬಾಡಿಯ ತಗಡಿನಲ್ಲೇ ಹಿಂದಕ್ಕೆ ಬರಬೇಕು. ಈ ದಾರಿಯಲ್ಲಿ ಎಲ್ಲಿ ಒಂದು ಜೋಡಣೆ ಸಡಿಲವಾದರೂ ಸಾಕು.

ಮಲ್ಟಿಮೀಟರನ್ನು ಓಮ್‌ಗೆ, ಅಂದರೆ ವಿದ್ಯುತ್ ತಡೆಯ ಅಳತೆಗೆ, ಇಟ್ಟು ಅಳೆದರೆ ಈ ದೋಷ ಕಾಣುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕು. ಮೀಟರು ತನ್ನ ಪರೀಕ್ಷೆಗೆ ಹರಿಸುವ ಕರೆಂಟು ತೀರ ಅಲ್ಪ. ನೂರಾರು ಎಳೆಗಳ ಪಟ್ಟಿಯಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಅದು ಸೊನ್ನೆ ಓಮ್ ಎಂದೇ ತೋರಿಸುತ್ತದೆ. ಸೆಲ್ಫ್ ಮೋಟಾರ್ ಎಳೆಯುವುದಾದರೋ 150 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು. ಜೋಡಣೆಯಲ್ಲಿ ಬರೀ 0.01 ಓಮ್ ತಡೆಯಿದ್ದರೂ 150 ಆಂಪಿಯರಿಗೆ 1.5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಆದ್ದರಿಂದ ಭಾರ ಬಿದ್ದಾಗಲೇ ವೋಲ್ಟೇಜ್ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ಪೆಟ್ರೋಲ್ ಪಂಪಿನ ರಿಲೇಯನ್ನು, ಅಂದರೆ ಪಂಪಿಗೆ ಕರೆಂಟು ಕೊಡುವ ಸ್ವಿಚ್ಚನ್ನು, ಕಿತ್ತಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಒತ್ತಿ ಹಿಡಿದು, ಕೆಲವೇ ಸೆಕೆಂಡು ಸೆಲ್ಫ್ ಹೊಡೆಯಬೇಕು. ಅರ್ತ್ ಸರಿಯಿದ್ದರೆ 0.2 ರಿಂದ 0.3 ವೋಲ್ಟಿನೊಳಗೆ ಇರುತ್ತದೆ. ಪ್ಲಸ್ ಕಡೆಯಲ್ಲಿ 0.5 ರವರೆಗೆ ಸಹಿಸಬಹುದು. ನಮ್ಮ ಮೀಟರು ಎಂಜಿನ್ ಬಿಸಿಯಿದ್ದಾಗ ಒಂದೂವರೆ ವೋಲ್ಟನ್ನೂ ಮೀರಿತು.

ಪಟ್ಟಿ ಇದ್ದದ್ದು ಎಂಜಿನ್ ಮೌಂಟಿಂಗಿನ ಪಕ್ಕದಲ್ಲಿ, ಕೆಳಗಿನಿಂದ ಮಾತ್ರ ಕಾಣುವ ಜಾಗದಲ್ಲಿ. ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇತ್ತು. ಬೋಲ್ಟು ಬಿಚ್ಚಿ ಬಗ್ಗಿಸಿದಾಗ ತುದಿಯ ಕಣ್ಣಿನ ಒಳಗಿನಿಂದ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿ, ಎಳೆಗಳು ಬೆರಳಿಗೇ ಕಿತ್ತು ಬಂದವು. ಎಣ್ಣೆಯ ಜಿಡ್ಡು, ಹೆದ್ದಾರಿಯ ಧೂಳು, ಮಳೆಯ ನೀರು ಮೂರೂ ಸೇರಿ ಇಷ್ಟು ವರ್ಷ ಮಾಡಿದ ಕೆಲಸವಿದು. ಅರ್ತ್ ಹೀಗೆ ಕೆಟ್ಟಾಗ ಕರೆಂಟು ಬೇರೆ ದಾರಿ ಹುಡುಕಿಕೊಂಡು ಆಕ್ಸಿಲರೇಟರ್ ಕೇಬಲ್ಲಿನಲ್ಲಿಯೋ ಗೇರ್ ಕೇಬಲ್ಲಿನಲ್ಲಿಯೋ ಹರಿಯುವುದುಂಟು. ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ಲು ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಮೀಟರಿಲ್ಲದೆಯೇ ಕಾಯಿಲೆ ಗೊತ್ತಾದಂತೆ. ಬಿಸಿಯಲ್ಲಿ ಇದು ಉಲ್ಬಣಿಸುವುದಕ್ಕೂ ಕಾರಣವಿದೆ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4 ರಷ್ಟು ಏರುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಹೋದರೆ ಸೆಲ್ಫ್ ಮೋಟಾರಿಗೆ ಕರೆಂಟು ಕೂಡಿಸುವ ವಿದ್ಯುತ್ಕಾಂತದ, ಅಂದರೆ ಸೊಲೆನಾಯ್ಡಿನ, ಸುರುಳಿಯ ತಡೆ ಸುಮಾರು ಕಾಲು ಭಾಗ ಹೆಚ್ಚಿ, ಅದರ ಎಳೆತ ಕುಂದುತ್ತದೆ. ಮೊದಲೇ ವೋಲ್ಟೇಜ್ ಕಡಿಮೆಯಿರುವ ಕಡೆ ಈ ಕೊರತೆಯೂ ಸೇರಿದರೆ ಟಕ್ ಎಂಬ ಸದ್ದಷ್ಟೇ ಉಳಿಯುತ್ತದೆ.

ಎರಡನೆಯ ಕಾಯಿಲೆಗೆ ಪುಸ್ತಕದಲ್ಲೇ ಸುಳಿವಿತ್ತು: ಸೆಲ್ಫ್ ಹೊಡೆಯುತ್ತದೆ, ಪಂಪಿನ ಸದ್ದು ಬರುತ್ತದೆ, ಆದರೆ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಮೇಲೇಳುವುದಿಲ್ಲ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಕ್ರ್ಯಾಂಕ್ ಸೆನ್ಸರ್. ಆ ಸುದ್ದಿ ಬಾರದಿದ್ದರೆ ಇಸಿಯು ಎಂಬ ಆ ಕಂಪ್ಯೂಟರು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಸಿಂಪಡಿಸುವುದಿಲ್ಲ. ಸೆನ್ಸರಿನ ಒಳಗಿರುವ ಕೂದಲೆಳೆಯಂಥ ತಂತಿ ಎಲ್ಲೋ ಬಿರುಕುಬಿಟ್ಟಿದ್ದರೆ ಶಾಖಕ್ಕೆ ಹಿಗ್ಗಿ ಸಂಪರ್ಕ ಕಳೆದುಕೊಳ್ಳುತ್ತದೆ, ತಣಿದರೆ ಮತ್ತೆ ಕೂಡಿಕೊಳ್ಳುತ್ತದೆ. ಎಂಜಿನ್ ನಿಲ್ಲಿಸಿದೊಡನೆ ಗಾಳಿಯ ಓಟವೂ ನೀರಿನ ಸುತ್ತಾಟವೂ ನಿಲ್ಲುವುದರಿಂದ, ಬಾನೆಟ್ಟಿನೊಳಗಿನ ಶಾಖ ಓಡುವಾಗ ಇದ್ದುದಕ್ಕಿಂತ ಮೇಲೇರುತ್ತದೆ. ಕಾಫಿ ಮುಗಿಸಿ ಬರುವ ಹೊತ್ತಿಗೇ ಸರಿಯಾಗಿ ಅದು ಶಿಖರದಲ್ಲಿರುತ್ತದೆ. ಎರಡು ತಂತಿಯ ಸುರುಳಿ ಸೆನ್ಸರಾದರೆ ಬಿಚ್ಚಿ ಮೇಜಿನ ಮೇಲಿಟ್ಟು, ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತ ಓಮ್ ನೋಡಬಹುದು. ನಮ್ಮದು ತಣ್ಣಗಿದ್ದಾಗ ಒಂಬೈನೂರರ ಆಸುಪಾಸಿನಲ್ಲಿದ್ದು, ಬಿಸಿಯೇರುತ್ತಿದ್ದಂತೆ ಇದ್ದಕ್ಕಿದ್ದಂತೆ ಓಪನ್ ಆಯಿತು, ಅಂದರೆ ಒಳಗಿನ ಸಂಪರ್ಕ ಕಡಿದುಹೋಯಿತು. ಆ ಕ್ಷಣ ಭಾವನವರ ಮುಖ ನೋಡಬೇಕಿತ್ತು; ಹಿಂದೆ ಕಟ್ಟಿದ ಬಿಲ್ಲುಗಳೆಲ್ಲ ಅವರಿಗೆ ನೆನಪಾಗಿರಬೇಕು. ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ಪಿನಿಂದ ಕೆಲಸ ಮಾಡುವ ಮೂರು ತಂತಿಯ ಹಾಲ್ ಸೆನ್ಸರುಗಳಿಗೆ ಈ ಓಮ್ ಪರೀಕ್ಷೆ ನಡೆಯದು. ಅವಕ್ಕೆ ವಿದ್ಯುತ್ ಕೊಟ್ಟೇ ಸಿಗ್ನಲ್ ನೋಡಬೇಕು.

ಲಕ್ಷಣ ಬೇರೆಯಾದರೆ ಅನುಮಾನವೂ ಬೇರೆಯಾಗಬೇಕು. ಪಂಪಿನ ಸದ್ದೇ ಇಲ್ಲದಿದ್ದರೆ ರಿಲೇಯ ಒಳಗಿನ ಬೆಸುಗೆ ಬಿರುಕುಬಿಟ್ಟಿರಬಹುದು. ಆಟೊಮ್ಯಾಟಿಕ್ ಗೇರಿನ ಕಾರು ಪಾರ್ಕಿನಲ್ಲಿ ಮೌನವಾಗಿದ್ದು ನ್ಯೂಟ್ರಲ್‌ನಲ್ಲಿ ಸೆಲ್ಫ್ ಹೊಡೆದರೆ ಗೇರಿನ ಸ್ವಿಚ್ಚನ್ನು ನೋಡಬೇಕು.

ಇಸಿಯು ದಾಖಲಿಸಿಟ್ಟ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಈ ವಯಸ್ಸಿನ ಕಾರುಗಳ ಮಟ್ಟಿಗೆ ಅರ್ಧ ಸತ್ಯ. ಹಳೆಯ ಬಿಎಂಡಬ್ಲ್ಯುಗಳಲ್ಲಿ ಬಾನೆಟ್ಟಿನ ಕೆಳಗೆ 20 ಪಿನ್ನಿನ ದುಂಡು ಸಾಕೆಟ್ಟು, ಹಳೆಯ ಬೆಂಜ್‌ಗಳಲ್ಲಿ 38 ಪಿನ್ನಿನದು. ಇಂದಿನ 16 ಪಿನ್ನಿನ ಸ್ಕ್ಯಾನರ್ ಅಡಾಪ್ಟರ್ ಇಲ್ಲದೆ ಅವಕ್ಕೆ ಕೂರುವುದೇ ಇಲ್ಲ. ಕೂತರೂ, ಕ್ರ್ಯಾಂಕ್ ಸೆನ್ಸರ್ ಸತ್ತಾಗ ಎಂಜಿನ್ ನಿಂತೇ ಇದೆ ಎಂದು ಇಸಿಯು ಭಾವಿಸುವುದರಿಂದ ಎಷ್ಟೋ ಸಲ ಯಾವ ಕೋಡೂ ದಾಖಲಾಗಿರುವುದಿಲ್ಲ. ಕೋಡ್ ಇಲ್ಲವೆಂದು ಕಾರನ್ನು ಹಿಂದಿರುಗಿಸುವವರನ್ನು, ಸೆಲ್ಫ್ ಹೊಡೆಯುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ ಎಷ್ಟು ಬರುತ್ತಿದೆ ಎಂದು ಕೇಳಬೇಕು. 150 ರಿಂದ 250 ರೊಳಗೆ ಬರಬೇಕಾದ ಕಡೆ ಸೊನ್ನೆ ಇದ್ದರೆ ಸೆನ್ಸರ್, ಅದರ ಕನೆಕ್ಟರ್, ವೈರಿಂಗ್ ಮೂರನ್ನು ಪರೀಕ್ಷಿಸದೆ ಬೇರೆ ಯಾವ ಬಿಡಿಭಾಗಕ್ಕೂ ಹಣ ಕೊಡಬಾರದು.