2:10ರಿಂದ 6:40ರತನಕ ಖಾಲಿ

23 ಜೂನ್ 2024, ರವಿವಾರ
ಧಾರವಾಡ

ನಿನ್ನೆ ಆರಿದ್ರಾ ಕೂಡಿತು, ರಾತ್ರಿನ ಮಳಿ ಹಿಡೀತು. ಎರಡರ ಸುಮಾರಿಗೆ ಹೋದ ಕರೆಂಟ್ ಹೊಳ್ಳಿ ಬರೂದ್ರಾಗ ಬೆಳಕ ಹರದಿತ್ತು. ಎದ್ದವನ ನಮ್ಮ ಮನಿ ಹವಾಮಾನ ಸ್ಟೇಷನ್ ಡೇಟಾ ನೋಡಿದ್ನಿ, 2:10ರಿಂದ 6:40ರತನಕ ಏನೂ ಇಲ್ಲ, ಐದು ನಿಮಿಷಕ್ಕೊಂದು ರೀಡಿಂಗ್ ಅಂದ್ರ 54 ಹೋದಂಗಾತು. ಅದರಾಗ ನಾ ಹಿಂದ ಬರದ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಖಾಲಿ ಇದ್ದಲ್ಲೆಲ್ಲಾ ಸೊನ್ನಿ ತುಂಬಿತ್ತು, ಹಿಂಗಾಗಿ ಧಾರವಾಡದ ಕನಿಷ್ಠ ಉಷ್ಣಾಂಶ 0 ಡಿಗ್ರಿ, ಮಳಿ 6.4 ಮಿಮೀ. ಉಷ್ಣಾಂಶದ ತಪ್ಪು ಯಾರ ಕಣ್ಣಿಗರೆ ಬೀಳತೈತಿ, ಮಳಿದು ಬೀಳಂಗಿಲ್ಲ, ಮಳಿ ಸೊನ್ನಿ ಇರೂದು ದಿನಾ ನೋಡೂದ ಅಲ್ಲೇನು. ಹಿಂದಿನ ಎಷ್ಟು ದಿನದಾಗ ಹಿಂಗ ಆಗೇದೋ ಅಂತ ಹೊಟ್ಯಾಗ ಸಂಕಟ ಆತು.

ಪುಣ್ಯಾಕ್ಕ ಅಂಗಳದಾಗ ಅವ್ವನ ಸ್ಟೀಲ್ ಡಬ್ಬಿ ಇಟ್ಟಿದ್ನಿ, ಬಾಯಿ ತಳ ಒಂದ ಅಗಲ ಇರೂದು. ಸ್ಕೇಲ್ ನೆಟ್ಟಗ ಇಳಿಬಿಟ್ರ ನೀರು 27ಕ್ಕ ನಿಂತಿತ್ತು, ತುದಿಗೆ ಸೊನ್ನಿ ಗೆರಿಗಿಂತ ಮೊದಲ 4 ಮಿಮೀ ಖಾಲಿ ಪಟ್ಟಿ ಇರತೈತಲ್ಲ, ಅದನ್ನ ಕೂಡಿಸಿದ್ರ 31. ಊರಿಂದ ಕಾಕಾ ಫೋನ್ ಮಾಡಿ ಎಷ್ಟಾತಪಾ ಮಳಿ ಅಂದ, 31 ಅಂತನ ಹೇಳಿದ್ನಿ, ಅವನ ಸೋಯಾಬೀನ್ ಬಿತ್ತಿಗಿ ಇದರ ಮ್ಯಾಲೆ ನಿಂತೈತಿ.

ಆಮ್ಯಾಲೆ ಇಡೀ ದಿನ ಇದಕ್ಕ ಕೂತೆ. ಮೊದಲ ಸುಳ್ಳು ರೀಡಿಂಗ್ ತಗದೆ, ಉಷ್ಣಾಂಶ ಅಳಿಯೂ ಡಿಎಸ್18ಬಿ20 ಸೆನ್ಸರ್‌ನ ವೈರ್ ಸಡಲಾದ್ರ ಅದನ್ನ ಓದೂ ಲೈಬ್ರರಿ (ತಯಾರ ಕೋಡ್) -127 ಡಿಗ್ರಿ ಕೊಡತೈತಿ, ಪವರ್ ಬಂದ ಕೂಡ್ಲೆ ಕೆಲವೊಮ್ಮೆ 85, ಇವೂ ಖಾಲಿನ. ಉಷ್ಣಾಂಶಕ್ಕ ಅರ್ಧ ತಾಸಿನ ಒಳಗಿನ ಖಾಲಿ ಇದ್ರ ಆಚೀಚಿನ ಎರಡು ರೀಡಿಂಗ್ ನಡುವ ನೇರ ಗೆರಿ ಎಳದ್ರ ನಡಿತೈತಿ. ಆದ್ರ ಪಾಂಡಾಸ್ ಅನ್ನೂ ಡೇಟಾ ಸಾಫ್ಟ್‌ವೇರ್‌ನ್ಯಾಗ ಲಿಮಿಟ್ 6 (ಆರು ರೀಡಿಂಗ್, ಅಂದ್ರ ಅರ್ಧ ತಾಸು) ಅಂತ ಕೊಟ್ರ ಅದು ದೊಡ್ಡ ಖಾಲಿನ ಬಿಡಂಗಿಲ್ಲ, 54ರಾಗ ಮೊದಲಿನ 6 ತುಂಬಿ ಉಳದದ್ದು ಬಿಡತೈತಿ, ಅದಕ್ಕ ಖಾಲಿ ಎಷ್ಟು ಉದ್ದ ಅಂತ ಮೊದಲ ಎಣಿಸಿ ದೊಡ್ಡದಿದ್ರ ಮುಟ್ಟಬಾರದು ಅಂತ ಬರದೆ. ಗಾಳಿ ಪ್ರೆಶರ್‌ದಂತೂ ಇನ್ನೂ ಸೂಕ್ಷ್ಮ, ಅದು ದಿನಕ್ಕ ಎರಡು ಸಲ ಏರಿ ಎರಡು ಸಲ ಇಳಿತೈತಿ, ನಸುಕಿನ 4ರ ಸುಮಾರಿಗೆ ಒಂದು ತಗ್ಗು, ನಾ ಗೆರಿ ಎಳದಿದ್ರ ಆ ತಗ್ಗ ಅಳಸಿ ಹೋಗ್ತಿತ್ತು.

ಮಳಿಗೆ ಗೆರಿ ಎಳಿಯೂದ ಬ್ಯಾಡ. ಟೆರೇಸ್ ಮ್ಯಾಲೆ ಮಳಿ ಎಣಸೂ ಸರ್ಕ್ಯೂಟ್ ಬೋರ್ಡಿಗೆ ಬ್ಯಾಟರಿ ಇತ್ತು, ಅದು ರಾತ್ರಿಯೆಲ್ಲಾ ಎಣಸೇ ಎಣಸಿತ್ತು, ಸತ್ತದ್ದು ವೈಫೈ ರೌಟರ್. ಆದ್ರ ಅದು ಈ ಐದು ನಿಮಿಷದಾಗ ಎಷ್ಟು ಅಂತ ಅಷ್ಟ ಕಳಸತಿತ್ತು, ಮುಟ್ಟದ ಇದ್ದದ್ದು ಹೋತು. ಈಗ ಶುರುವಿಂದ ಒಟ್ಟು ಎಷ್ಟು ಅಂತ ಕಳಸಂಗ ಮಾಡೀನಿ. ನಿನ್ನೆ ರಾತ್ರಿಯ 54 ಸಾಲು ಖಾಲಿನ ಬಿಟ್ಟು, ದಿನದ ಒಟ್ಟಿಗೆ 31 ಹಾಕಿ ಬಾಜೂಕ ಡಬ್ಬಿ ಅಂತ ಬರದೆ.

ಸಂಜಿಕೆ ರೌಟರ್ ಬಂದ್ ಮಾಡಿ ಟೆರೇಸ್ ಹತ್ತಿ, ಮಳಿಮಾಪಕದ ಒಳಗಿನ ಪುಟ್ಟ ತೊಟ್ಟಿನ ಬೆರಳಿಂದ 20 ಸಲ ಅತ್ತ ಇತ್ತ ವಾಲಿಸಿದ್ನಿ, ಟಕ್ ಟಕ್ ಅಂತಿತ್ತು. ಇಳದು ಬಂದು ರೌಟರ್ ಹಚ್ಚಿದ್ನಿ. ಒಂದು ವಾಲಿಗೆ 0.2 ಮಿಮೀ, ಪರದೆ ಮ್ಯಾಲೆ ಹೆಚ್ಚಿಗಿ ಬಂದದ್ದು ಬರೋಬ್ಬರಿ 4.0.