ಚಂದ್ರಗಿರಿಯ ಈಚೆ ದಡದ ನಮ್ಮ ಕನ್ನಡ ಶಾಲೆ

ಚಿತ್ರದುರ್ಗದಿಂದ ನೆಂಟರು ಫೋನ್ ಮಾಡಿದಾಗಲೆಲ್ಲ ಒಂದು ಮಾತು ಕೇಳದೆ ಇಡುವುದಿಲ್ಲ: "ಕೇರಳ ಸೇರಿಬಿಟ್ರಿ, ಮಗಳ ಕನ್ನಡದ ಗತಿ ಏನು?" ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದುರ್ಗದಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ನಮ್ಮ ಮನೆತನದಲ್ಲಿ ಈಗ ಕನ್ನಡದಲ್ಲಿ ಗಣಿತ, ಕನ್ನಡದಲ್ಲಿ ಪರಿಸರ ಕಲಿಯುತ್ತಿರುವವಳು ಕಾಸರಗೋಡಿನಲ್ಲಿರುವ ನನ್ನ ಮಗಳೊಬ್ಬಳೇ.

ಅವಳದು ಎಲ್‌.ಪಿ. ಶಾಲೆ, ಅಂದರೆ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ. ಇಲ್ಲಿ ನಾಲ್ಕರ ಮೇಲೆ ಯು.ಪಿ., ಎಂಟರಿಂದ ಹೈಸ್ಕೂಲು. ಸರಕಾರಿ ಶಾಲೆಯಲ್ಲ, ಎಯ್ಡೆಡ್ ಶಾಲೆ. ಈ ವ್ಯವಸ್ಥೆ ನಮ್ಮ ಕಡೆಯವರಿಗೆ ಅಷ್ಟು ಪರಿಚಯವಿಲ್ಲ. ಜಾಗ ಮತ್ತು ಕಟ್ಟಡ ಮ್ಯಾನೇಜರರದ್ದು, ಅಧ್ಯಾಪಕರ ನೇಮಕವೂ ಅವರದ್ದೇ. ಸಂಬಳ ಮಾತ್ರ ಸರಕಾರದ್ದು. ಮಕ್ಕಳಿಗೆ ಫೀಸಿಲ್ಲ. ಪುಸ್ತಕ, ಮಧ್ಯಾಹ್ನದ ಊಟ ಉಚಿತ. ಈ ಭಾಗದಲ್ಲಿ ಇಂಥ ಶಾಲೆಗಳು ಬಹಳ. ಹಿಂದೆ ಯಾರೋ ಒಬ್ಬರು ತಮ್ಮ ಗುಡ್ಡೆಯ ಒಂದು ತುಂಡು ಬಿಟ್ಟುಕೊಟ್ಟು, ಕೆಂಪುಕಲ್ಲಿನ ಗೋಡೆ ಎಬ್ಬಿಸಿ, ಹಂಚು ಹೊದೆಸಿ ಶುರು ಮಾಡಿದವು. ಅವರ ಮೊಮ್ಮಕ್ಕಳು ಈಗ ಮ್ಯಾನೇಜರರು.

ಕಾಗದದ ಮೇಲೆ ಶಾಲೆ ಮ್ಯಾನೇಜರರದ್ದಾದರೂ ನಡೆಯುವುದು ಊರಿನವರ ಕೈಯಲ್ಲಿ. ಅದನ್ನು ನೋಡಬೇಕಾದರೆ ಮೇ ತಿಂಗಳ ಕೊನೆಯ ವಾರ ಬರಬೇಕು. ಜೂನ್ ಮೊದಲಿಗೆ ಶಾಲೆ ತೆರೆಯುವ ಮುಂಚೆ ಕಟ್ಟಡಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಆಗಬೇಕು. ಹೆತ್ತವರ ಮತ್ತು ಅಧ್ಯಾಪಕರ ಸಂಘವಾದ ಪಿ.ಟಿ.ಎ.ಯವರು ಬೆಳಿಗ್ಗೆಯೇ ಕತ್ತಿ, ಹಾರೆ ಹಿಡಿದು ಬರುತ್ತಾರೆ. ಅಡಿಕೆ ತೋಟದವರು, ರಿಕ್ಷಾ ಓಡಿಸುವವರು, ರಜೆಗೆಂದು ಗಲ್ಫಿನಿಂದ ಬಂದ ಅಪ್ಪಂದಿರು, ಎಲ್ಲರೂ ಸೇರಿ ಪೊದೆ ಕಡಿದು, ಹಂಚು ಬದಲಿಸಿ, ಬಾವಿ ಶುಚಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅಮ್ಮಂದಿರು ಬೆಂಚು ಡೆಸ್ಕು ತೊಳೆದು ಬಿಸಿಲಿಗಿಡುತ್ತೇವೆ. ಮಧ್ಯಾಹ್ನ ಗಂಜಿ, ಹಲಸಿನಕಾಯಿ ಪಲ್ಯ. ಯಾರಿಗೂ ನೋಟಿಸ್ ಕಳಿಸಬೇಕಿಲ್ಲ. ದುರ್ಗದ ಕಡೆಯೂ ಎಸ್‌.ಡಿ.ಎಂ.ಸಿ. ಎಂಬ ಶಾಲಾ ಸಮಿತಿ ಇದೆ, ಆದರೆ ಶಾಲೆಯ ಹಂಚು ಒಡೆದರೆ ಅದು ತನ್ನ ಮನೆಯ ಹಂಚು ಎಂದುಕೊಳ್ಳುವ ಊರನ್ನು ನಾನು ಕಂಡದ್ದು ಇಲ್ಲಿಯೇ.

ಸೇರಿಸಲು ಹೋದ ದಿನ ಹೆಡ್‌ಮಿಸ್ಟ್ರೆಸ್ ಮಾತಿನಲ್ಲೇ ಪತ್ತೆ ಹಚ್ಚಿದರು: "ನೀವು ಘಟ್ಟದ ಮೇಲಿನವರಲ್ವಾ?" ಹೌದೆಂದೆ. "ಹಾಗಾದ್ರೆ ಇವಳಿಗೆ ಕನ್ನಡ ಕಲಿಸುವ ಕಷ್ಟ ಇಲ್ಲ. ಬಾಕಿಯವರ ಮಾತು ಕಲಿಯುವ ಕೆಲಸ ಉಂಟು. ಹೆದರ್ಬೇಡಿ, ಓಣಂ ಆಗುವಾಗ ಎಲ್ಲ ಸರಿಯಾಗ್ತದೆ."

ಅವರು ಹೇಳಿದ್ದರ ಅರ್ಥ ತಿಳಿದದ್ದು ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತಾಗ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣದಲ್ಲಿ ಹೇಳುತ್ತಾರಲ್ಲ, ಅದು ಆ ಒಂದು ಕೋಣೆಯಲ್ಲೇ ಇತ್ತು. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳದು ಹವ್ಯಕ ಕನ್ನಡ, ಅವಳ ಪಕ್ಕದವಳದು ಬ್ಯಾರಿ, ಹಿಂದಿನ ಬೆಂಚಿನಲ್ಲಿ ಮರಾಟಿ, ಕಿಟಕಿಯ ಹತ್ತಿರ ಕೊಂಕಣಿ, ಅಲ್ಲಲ್ಲಿ ಮಲಯಾಳ. ಟೀಚರ್ ಅಳುವ ಮಗುವನ್ನು ಅದರ ಮನೆಯ ಮಾತಿನಲ್ಲೇ ಸಮಾಧಾನ ಮಾಡುತ್ತಾರೆ, ಪಾಠಕ್ಕೆ ಕನ್ನಡಕ್ಕೆ ಬರುತ್ತಾರೆ. ಆಗಸ್ಟ್ ಹೊತ್ತಿಗೆ ಇಡೀ ಕ್ಲಾಸು ಕನ್ನಡದಲ್ಲಿ ಜಗಳವಾಡುತ್ತಿತ್ತು. ಕನ್ನಡ ಅಲ್ಲಿ ಯಾರೊಬ್ಬರ ಮನೆಯದೂ ಆಗಿರಬೇಕಿಲ್ಲ. ಎಲ್ಲ ಮನೆಗಳ ಮಕ್ಕಳು ಒಟ್ಟಾಗಿ ಕೂರುವ ಜಾಗ ಅದು. ಬ್ಯಾರಿ ಮನೆಯ ಒಬ್ಬ ಹುಡುಗ ಕನ್ನಡ ಪದ್ಯವನ್ನು ರಾಗವಾಗಿ ಹೇಳುವುದನ್ನು ಕೇಳಿದರೆ ನಮ್ಮ ನೆಂಟರು ಮಗಳ ಕನ್ನಡದ ಚಿಂತೆ ಬಿಡುತ್ತಾರೆ. ನನ್ನ ಮಗಳೋ ಈಗ ಕಬಡ್ಡಿ ಆಡುವುದು ತುಳುವಿನಲ್ಲಿ.

ದಿನಚರಿಯ ಬಗ್ಗೆ ಹೇಳುವುದಾದರೆ ಅಡುಗೆಮನೆಯಿಂದಲೇ ಶುರು ಮಾಡಬೇಕು. ಕುಚ್ಚಲಕ್ಕಿ ಅನ್ನ, ಸಾಂಬಾರು, ಹೆಸರುಕಾಳು ಅಥವಾ ಅಲಸಂಡೆ ಪಲ್ಯ. ವಾರಕ್ಕೆ ಎರಡು ದಿನ ಹಾಲು, ಒಂದು ದಿನ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆ ಮಾಡುವ ಅಕ್ಕ ಒಬ್ಬರೇ. ಮಕ್ಕಳು 500 ಆಗುವವರೆಗೂ ಒಬ್ಬರೇ ಎನ್ನುವ ಲೆಕ್ಕ. ನಮ್ಮದು ಚಿಕ್ಕ ಶಾಲೆಯಾದರೂ ತೆಂಗಿನಕಾಯಿ ತುರಿಯುವುದರಿಂದ ಹಿಡಿದು ಪಾತ್ರೆ ತಿಕ್ಕುವವರೆಗೆ ಒಬ್ಬರ ಸೊಂಟ ತಡೆಯುವ ಕೆಲಸವಲ್ಲ. ಹಾಗಾಗಿ ಮದರ್ ಪಿ.ಟಿ.ಎ.ಯವರು ಸರದಿಯಲ್ಲಿ ಹೋಗುತ್ತೇವೆ. ಬಸಳೆ, ಬೆಂಡೆ ಶಾಲೆಯ ಹಿಂದಿನ ಚಿಕ್ಕ ತೋಟದ್ದು. ನೀರು ಹಾಕುವುದು ನಾಲ್ಕನೇ ಕ್ಲಾಸಿನ ಹೊಣೆ, ಅದು ಅವರಿಗೆ ಹೆಮ್ಮೆ. ಊಟದ ಹಣ ಬರುವುದು ತಡವಾದ ತಿಂಗಳು ಹೆಡ್‌ಮಿಸ್ಟ್ರೆಸ್ ತಮ್ಮ ಕೈಯಿಂದ ಅಂಗಡಿಗೆ ಕೊಡುತ್ತಾರೆ. ಇದು ನ್ಯಾಯವಲ್ಲ. ಒಂದು ಶಾಲೆಯ ಗಂಜಿ ಒಬ್ಬ ಹೆಂಗಸಿನ ಸಂಬಳದ ಮೇಲೆ ನಿಲ್ಲಬಾರದು.

ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ. ಕೆಲವು ಹುಡುಗರು ಪಳ್ಳಿಗೆ ಹೋಗಿ ನಮಾಜು ಮುಗಿಸಿ ಬಂದ ಮೇಲೆ ಬಾಲಸಭೆ. ಹಾಡು, ಕಥೆ, ಮೂಕಾಭಿನಯ, ಯಕ್ಷಗಾನದ ಒಂದು ತುಣುಕು; ನಡೆಸುವುದು ಮಕ್ಕಳೇ, ಸ್ವಾಗತ ಧನ್ಯವಾದ ಸಹಿತ. ಜೂನ್ 19 ವಾಚನ ದಿನ. ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ.ಎನ್. ಪಣಿಕ್ಕರರು ತೀರಿಕೊಂಡ ದಿನ ಅದು. ಅಂದಿನಿಂದ ವಾರವಿಡೀ ಓದುವ ಗೌಜು. ಮಕ್ಕಳು ಓದಿದ ಪುಸ್ತಕದ ಬಗ್ಗೆ ಬರೆದದ್ದನ್ನು ಸೇರಿಸಿ ಕೈಬರಹದ ಪತ್ರಿಕೆ ಮಾಡುತ್ತಾರೆ. ಓದನ್ನು ಇಷ್ಟು ಹಚ್ಚಿಕೊಂಡ ರಾಜ್ಯದಲ್ಲಿ ನನ್ನ ಮಗಳು ಕನ್ನಡ ಓದುತ್ತಿದ್ದಾಳೆ ಎನ್ನುವುದು ನನಗೆ ಸಂತೋಷದ ಸಂಗತಿ. ಮಳೆಗಾಲದಲ್ಲಿ ಜಿಲ್ಲಾ ಕಲೆಕ್ಟರು ರಜೆ ಕೊಟ್ಟಾಗಲಂತೂ ಮನೆಯಲ್ಲಿ ಕೂತು ಕನ್ನಡ ಪುಸ್ತಕವನ್ನೇ ಓದುತ್ತಾಳೆ. ದುರ್ಗದ ಬಿಸಿಲಿನಲ್ಲಿ ಬೆಳೆದ ನನಗೆ ಮಳೆಗಾಗಿ ಶಾಲೆಗೆ ರಜೆ ಎನ್ನುವುದು ಹೊಸದು.

ದಸರೆಗೆ ನಮ್ಮ ಕಡೆಯ ಹಾಗೆ ಉದ್ದ ರಜೆ ಇಲ್ಲ. ಓಣಂಗೆ ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನ. ಓಣಂ ರಜೆಯ ಮುಂಚಿನ ದಿನ ಅಂಗಳದಲ್ಲಿ ಹೂವಿನ ರಂಗೋಲಿ, ಬಾಳೆಲೆಯ ಊಟ. ಮನೆಗೊಂದು ತೆಂಗಿನಕಾಯಿ ಬರುತ್ತದೆ. ಒಬ್ಬರು ಅವಿಲಿಗೆ ತರಕಾರಿ ಹೆಚ್ಚಿದರೆ ಇನ್ನೊಬ್ಬರು ಪಾಯಸ ತಿರುವುತ್ತಾರೆ. ಅಲ್ಲಿ ಯಾವ ಧರ್ಮದವರ ಹಬ್ಬ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ನವೆಂಬರ್ 1ರ ಬಗ್ಗೆ ಊರಿನವರು ತುಂಬ ಕೇಳುತ್ತಾರೆ. ಆ ದಿನ ನಿಮಗೆ ರಾಜ್ಯೋತ್ಸವ, ಇಲ್ಲಿಯ ಶಾಲೆಗೆ ಕೇರಳದ ಹುಟ್ಟುಹಬ್ಬ. ಮಕ್ಕಳು ಕೇರಳದ 14 ಜಿಲ್ಲೆಗಳ ಹೆಸರನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. 1956ರ ಅದೇ ದಿನ, ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಗೆ ಬರಲಿಲ್ಲ. ನಮ್ಮ ನೆರೆಮನೆಯ ಅಜ್ಜ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಕೈಕೆಳಗೆ ಕಲಿತವರು. 2015ರಲ್ಲಿ ನೂರು ತುಂಬಿದ ಮೇಲೆ ಕವಿ ತೀರಿಕೊಂಡದ್ದನ್ನು ಹೇಳುವಾಗ ಈಗಲೂ ಅವರ ಗಂಟಲು ಕಟ್ಟುತ್ತದೆ. "ಕಾಸರಗೋಡು ಕನ್ನಡನಾಡಿಗೆ ಸೇರದ ನೋವು ನಮ್ಮ ಮಾಷ್ಟ್ರಿಗೆ ಕೊನೇವರೆಗೂ ಇತ್ತು," ಅನ್ನುತ್ತಾರೆ. ಅದೇ ಅಜ್ಜ ನವೆಂಬರ್ 1ರಂದು ಶಾಲೆಗೆ ಬಂದು ಮಕ್ಕಳಿಗೆ ಮಿಠಾಯಿ ಹಂಚುತ್ತಾರೆ. ಆ ಎರಡನ್ನೂ ಒಬ್ಬರೇ ಮನುಷ್ಯರಲ್ಲಿ ನೋಡಿದ ಮೇಲೆ, ದೂರದಲ್ಲಿ ಕೂತು ಗಡಿಯ ಬಗ್ಗೆ ದೊಡ್ಡ ಮಾತಾಡುವುದು ನನ್ನಿಂದಾಗುವುದಿಲ್ಲ.

ಕಷ್ಟ ಇಲ್ಲವೆಂದಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೂ ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಮಕ್ಕಳೆದುರು ಬಂದು ನಿಂತು, ಹೆತ್ತವರು ಬೀದಿಗಿಳಿದದ್ದು ಜಿಲ್ಲೆಯಲ್ಲಿ ಒಂದೆರಡು ಸಲವಲ್ಲ. ಅರ್ಥವಾಗದ ಪಾಠದ ಮುಂದೆ ಮಗು ಸುಮ್ಮನೆ ಕೂರುತ್ತದೆ, ದೂರು ಕೂಡ ಹೇಳುವುದಿಲ್ಲ. ಅದಕ್ಕಾಗಿ ದೊಡ್ಡವರು ಗಲಾಟೆ ಮಾಡಲೇಬೇಕು. ಮಲಯಾಳ ಕಲಿಯಲು ನಮ್ಮ ಅಡ್ಡಿಯಿಲ್ಲ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ನಾಳೆ ಸರಕಾರಿ ಹುದ್ದೆಗೆ ಆರಿಸುವ ಪಿ.ಎಸ್‌.ಸಿ. ಕೆಲಸದಲ್ಲಿ ಅದು ಬೇಕು. ಗಣಿತವನ್ನು ಮಾತ್ರ ಮಗು ತಿಳಿಯುವ ಮಾತಿನಲ್ಲೇ ಹೇಳಿಕೊಡಬೇಕು.

ಇನ್ನೊಂದು ಚಿಂತೆ ಮಕ್ಕಳ ಸಂಖ್ಯೆಯದು. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಹಾಜರಿರುವ ಮಕ್ಕಳನ್ನು ಲೆಕ್ಕ ಹಿಡಿದು ಅಧ್ಯಾಪಕರ ಹುದ್ದೆ ನಿಗದಿ ಮಾಡುತ್ತಾರೆ. ತೀರ ಕಡಿಮೆಯಾದರೆ ಶಾಲೆ 'ಅನ್‌ಇಕನಾಮಿಕ್' (ನಡೆಸಿ ಗಿಟ್ಟದ ಶಾಲೆಗಳ) ಪಟ್ಟಿಗೆ ಹೋಗುತ್ತದೆ. ಬೆಳಿಗ್ಗೆ ನಮ್ಮ ದಾರಿಯಲ್ಲೇ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತವೆ. ಆದ್ದರಿಂದ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಟೀಚರುಗಳು ಕೊಡೆ ಹಿಡಿದು ಮನೆಮನೆ ಹತ್ತಿಳಿಯುತ್ತಾರೆ. ಕಳೆದ ಬೇಸಗೆಯಲ್ಲಿ ನಾನೂ ಜೊತೆಗೆ ಹೋಗಿದ್ದೆ. ಒಂದು ಮನೆಯ ತಾಯಿ ಬಾಗಿಲಲ್ಲೇ ನಿಂತು ಕೇಳಿದರು: "ಕನ್ನಡದಲ್ಲಿ ಓದಿ ಮುಂದೆ ಎಂತ ಮಾಡುವುದು ಅಕ್ಕಾ?" ಕನ್ನಡದಲ್ಲಿ ಪಿ.ಎಸ್‌.ಸಿ. ಪ್ರಶ್ನೆಪತ್ರಿಕೆ ಉಂಟು, ಮಾಯಿಪ್ಪಾಡಿಯ ಡಯೆಟ್‌ನಲ್ಲಿ ಕನ್ನಡ ಟೀಚರ್ ತರಬೇತಿ ಉಂಟು, ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಗಡಿನಾಡು ಕನ್ನಡಿಗರಿಗೆ ಅವಕಾಶ ಉಂಟು ಎಂದು ಟೀಚರ್ ಸಾವಧಾನವಾಗಿ ವಿವರಿಸಿದರು. ನಾನು ನನ್ನ ಮಗಳನ್ನು ಮುಂದೆ ನಿಲ್ಲಿಸಿ ಒಂದು ಪಾಠ ಓದಿಸಿದೆ. ಜೂನಿನಲ್ಲಿ ಆ ಮನೆಯ ಹುಡುಗ ಒಂದನೇ ಕ್ಲಾಸಿಗೆ ಬಂದ.

ಊರಿನವರು "ಗಡಿನಾಡ ಶಾಲೆಗೆ ಏನಾದರೂ ಮಾಡಬೇಕು" ಎಂದಾಗ ನನ್ನ ಬೇಡಿಕೆ ಚಿಕ್ಕದು. ಪಠ್ಯಪುಸ್ತಕ ಬೇಡ, ಅದನ್ನು ಕೇರಳ ಸರಕಾರವೇ ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತದೆ. ದೊಡ್ಡವರು ಓದುವ ಕಾದಂಬರಿಗಳ ಹಳೆ ಪ್ರತಿಗಳೂ ಬೇಡ, ಅವು ಕಪಾಟಿನಲ್ಲಿ ಗೆದ್ದಲಿಗೆ ಹೋಗುತ್ತವೆ. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಹಿಡಿಸುವ, ದೊಡ್ಡ ಅಕ್ಷರದ, ಬಣ್ಣದ ಚಿತ್ರವಿರುವ ಕಥೆಪುಸ್ತಕಗಳು ಬೇಕು. ಮಂಗಳೂರಿಗೆ ಬಂದವರಿಗೆ ತಲಪಾಡಿ ದಾಟಿ ಕಾಸರಗೋಡಿಗೆ ನೇರ ಬಸ್ಸಿದೆ. ಜೂನ್ 19ರ ಮುಂಚೆ ಬಂದರೆ ವಾಚನ ವಾರಕ್ಕೆ ಸರಿಯಾಗುತ್ತದೆ.