ಮಕ್ಕಳನ್ನು ಕಿತ್ತುಕೊಂಡವರ ಕಡತದಲ್ಲಿ ತಾಯಂದಿರು ಎಲ್ಲಿದ್ದಾರೆ?

ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸರು ಮತ್ತು ಮಕ್ಕಳ ಬಗ್ಗೆ ಅಲ್ಲಿನ ಸರ್ಕಾರಿ ಪತ್ರಾಗಾರಗಳ ದಾಖಲೆಗಳನ್ನು ಓದುತ್ತೇನೆ ಎಂದ ಕೂಡಲೇ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ತಲೆಮಾರುಗಳ ಕಾಲ ಆ ತಾಯಂದಿರ ಮಡಿಲಿನಿಂದ ಮಕ್ಕಳನ್ನು ಕಿತ್ತುಕೊಂಡದ್ದು ಸರ್ಕಾರ. ಕಡತ ಬರೆದಿಟ್ಟದ್ದೂ ಅದೇ ಸರ್ಕಾರ. ಅದರೊಳಗೆ ಆ ತಾಯಂದಿರ ಸತ್ಯ ಎಲ್ಲಿಂದ ಸಿಗಬೇಕು?"

ಸಿಗುತ್ತದೆ. ಏಕೆಂದರೆ ಆ ತಾಯಂದಿರು ಕಾಗದ ಬರೆದಿದ್ದರು. ಅಧಿಕಾರಿಗಳು ಅವನ್ನು ಓದಿದರು, ನಂಬರು ಹಾಕಿದರು, ಹೆಚ್ಚಿನ ಸಲ ಬೇಡಿಕೆಯನ್ನು ತಳ್ಳಿಹಾಕಿದರು. ಆದರೆ ಕಚೇರಿಯ ಪದ್ಧತಿಯಂತೆ ಕಾಗದವನ್ನು ಫೈಲಿಗೆ ಸೇರಿಸಿದರು.

ಬ್ರೂಸ್ ಟ್ರೆವೊರೊ ಅವರ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1957ರ ಕ್ರಿಸ್‌ಮಸ್ ದಿನ, ದಕ್ಷಿಣ ಆಸ್ಟ್ರೇಲಿಯಾ. ಹದಿಮೂರು ತಿಂಗಳ ಮಗು ಬ್ರೂಸ್‌ಗೆ ಹೊಟ್ಟೆನೋವು. ತಂದೆಯ ಬಳಿ ವಾಹನವಿರಲಿಲ್ಲ, ನೆರೆಯವರು ಮಗುವನ್ನು ಅಡಿಲೇಡ್ ನಗರದ ಮಕ್ಕಳ ಆಸ್ಪತ್ರೆಗೆ ಸೇರಿಸಿದರು. ಮಗು ಚೇತರಿಸಿಕೊಂಡಿತು. ಆದರೆ ಕೆಲವೇ ದಿನಗಳಲ್ಲಿ ಮೂಲನಿವಾಸಿಗಳ ಮೇಲೆ ಅಧಿಕಾರ ನಡೆಸುತ್ತಿದ್ದ ರಾಜ್ಯದ ಸರ್ಕಾರಿ ಸಂಸ್ಥೆ, ಮೂಲನಿವಾಸಿ ರಕ್ಷಣಾ ಮಂಡಳಿ, ಅದನ್ನು ಹೆತ್ತವರಿಗೆ ತಿಳಿಸದೆ ಒಂದು ಬಿಳಿಯ ಕುಟುಂಬದ ಕೈಗೆ ಒಪ್ಪಿಸಿತು. 1958ರಲ್ಲಿ ತಾಯಿ ಥೋರಾ ಮಂಡಳಿಗೆ ಕಾಗದ ಬರೆದರು. ಮಗು ಹೇಗಿದ್ದಾನೆ, ಮನೆಗೆ ಕರೆತರಲು ಇನ್ನೆಷ್ಟು ದಿನ ಬೇಕು ಎಂದು ಕೇಳಿದರು. ಅಲ್ಲಿ ನನ್ನದೊಂದು ಕೂಸು ಇದೆ ಎಂಬುದನ್ನು ಮರೆತಿಲ್ಲ ಎಂದೂ ಸೇರಿಸಿದರು. ಮಗು ಚೆನ್ನಾಗಿ ಸುಧಾರಿಸುತ್ತಿದೆ, ಆದರೆ ಮನೆಗೆ ಕಳಿಸಲು ವೈದ್ಯರು ಇನ್ನೂ ಒಪ್ಪಿಲ್ಲ ಎಂದು ಉತ್ತರ ಬಂತು. ಆ ಹೊತ್ತಿಗೆ ಬ್ರೂಸ್ ಆಸ್ಪತ್ರೆಯಿಂದ ಹೊರಬಂದು ತಿಂಗಳುಗಳೇ ಆಗಿದ್ದವು.

ತಾಯಿಯ ಕಾಗದ, ಮಂಡಳಿಯ ಸುಳ್ಳು ಎರಡೂ ಉಳಿದವು. ಮಕ್ಕಳನ್ನು ಹೀಗೆ ತೆಗೆದುಕೊಳ್ಳುವ ಅಧಿಕಾರ ಮಂಡಳಿಗೆ ಇಲ್ಲವೆಂದು ಸರ್ಕಾರದ ವಕೀಲರೇ ಮೊದಲೇ ಕೊಟ್ಟಿದ್ದ ಅಭಿಪ್ರಾಯವೂ ಉಳಿದಿತ್ತು. ಅರ್ಧ ಶತಮಾನದ ಮೇಲೆ, 2007ರ ಆಗಸ್ಟ್‌ನಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಥಾಮಸ್ ಗ್ರೇ ಅವರು ಬ್ರೂಸ್ ಪರವಾಗಿ ತೀರ್ಪಿತ್ತು 5,25,000 ಡಾಲರ್ ಪರಿಹಾರ ಕೊಡಿಸಿದರು. ಹೀಗೆ ಕಿತ್ತುಕೊಳ್ಳಲಾದ ಮಕ್ಕಳ ತಲೆಮಾರುಗಳಲ್ಲಿ ಒಬ್ಬರು ಇಂಥ ದಾವೆಯನ್ನು ಗೆದ್ದದ್ದು ಅದೇ ಮೊದಲು. ಮರುವರ್ಷವೇ ಬ್ರೂಸ್ ತೀರಿಕೊಂಡರು.

ಆದರೆ ಕಡತ ಯಾವಾಗಲೂ ತಾಯಿಯ ಪಕ್ಷಕ್ಕೆ ನಿಲ್ಲುವುದಿಲ್ಲ. ಪೀಟರ್ ಗನ್ನರ್ ಅವರನ್ನು 1956ರಲ್ಲಿ, ಇನ್ನೂ ಎಳೆಯ ಹುಡುಗನಾಗಿದ್ದಾಗ, ಉತ್ತರ ಪ್ರಾಂತ್ಯದ ಯುಟೋಪಿಯಾ ಎಂಬ ಸ್ಥಳದಿಂದ ಆಲಿಸ್ ಸ್ಪ್ರಿಂಗ್ಸ್ ಬಳಿಯ ಒಂದು ಹಾಸ್ಟೆಲಿಗೆ ಒಯ್ದರು. ಅವರು ಹೂಡಿದ ಮೊಕದ್ದಮೆಯಲ್ಲಿ ಕೇಂದ್ರ ಸರ್ಕಾರ ಹಾಜರುಪಡಿಸಿದ್ದು ಒಂದು ಒಪ್ಪಿಗೆ ಪತ್ರ: ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಕ್ಕಣೆ, ಕೆಳಗೆ ತಾಯಿಯದೆಂದು ಹೇಳಲಾದ ಹೆಬ್ಬೆಟ್ಟಿನ ಗುರುತು. ಆ ಒಕ್ಕಣೆಯನ್ನು ಆಕೆಗೆ ಯಾರಾದರೂ ಓದಿ ಹೇಳಿದರೇ, ಯಾವ ಭಾಷೆಯಲ್ಲಿ ಹೇಳಿದರು ಎನ್ನುವುದು ಕಾಗದದಲ್ಲಿ ಇಲ್ಲ. 2000ದಲ್ಲಿ ಫೆಡರಲ್ ಕೋರ್ಟು ಆ ಗುರುತನ್ನು ತಾಯಿಯ ಒಪ್ಪಿಗೆಯೆಂದೇ ಎಣಿಸಿ ದಾವೆಯನ್ನು ವಜಾ ಮಾಡಿತು. ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಗಳು ಏನೇನು ಮಾಡಬಲ್ಲವು ಎನ್ನುವುದನ್ನು ನಮ್ಮ ಹಳ್ಳಿಗಳ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಕಡತದಲ್ಲಿ ಇರುವುದನ್ನೆಲ್ಲ ನಂಬುವುದೂ ತಪ್ಪು, ಸರ್ಕಾರದ ಬರಹವೆಂದು ಮಡಚಿಡುವುದೂ ತಪ್ಪು. ಪ್ರತಿ ಹಾಳೆಯ ಮುಂದೆಯೂ ನಾನು ಕೇಳಿಕೊಳ್ಳುವುದು ಒಂದೇ: ಇದನ್ನು ಯಾರು, ಯಾರಿಗಾಗಿ, ಯಾವ ಕೆಲಸಕ್ಕೆಂದು ಬರೆದರು?

ನ್ಯೂ ಸೌತ್ ವೇಲ್ಸ್ ರಾಜ್ಯದ ವಹಿಗಳನ್ನೇ ನೋಡಿ. ಅಲ್ಲಿ ಮೂಲನಿವಾಸಿಗಳ ಕುರಿತ 1909ರ ಕಾಯ್ದೆಗೆ 1915ರಲ್ಲಿ ತಂದ ತಿದ್ದುಪಡಿಯಿಂದ, ನ್ಯಾಯಾಲಯದ ಮುಂದೆ ಹೋಗದೆಯೇ ಮಗುವನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ರಕ್ಷಣಾ ಮಂಡಳಿಗೆ ಬಂತು. 1916ರಿಂದ 1928ರವರೆಗಿನ ವಹಿಗಳು ಉಳಿದಿವೆ, ಅವುಗಳಲ್ಲಿ ಸುಮಾರು 800 ಮಕ್ಕಳ ವಿವರಗಳಿವೆ. ಮಗುವನ್ನು ಮಂಡಳಿ ವಶಕ್ಕೆ ಪಡೆದ ಕಾರಣ ಬರೆಯಲು ಒಂದು ಜಾಗ. ಅಲ್ಲಿ ಒಬ್ಬ ಅಧಿಕಾರಿ "ಮೂಲನಿವಾಸಿಯಾದ ಕಾರಣಕ್ಕೆ" ಎಂದಷ್ಟೇ ಬರೆದಿದ್ದನ್ನು ಚರಿತ್ರೆಕಾರ ಪೀಟರ್ ರೀಡ್ ಎತ್ತಿ ತೋರಿಸಿದರು. "ನಿರ್ಲಕ್ಷ್ಯಕ್ಕೊಳಗಾದ ಮಗು" ಎಂಬ ಷರಾಗಳನ್ನು ಓದುವಾಗಲೂ ನನಗೆ ಆ ಮಾತು ನೆನಪಾಗುತ್ತದೆ. ಕುಟುಂಬಕ್ಕೆ ಕೊಡುವ ಪಡಿತರ ಮಂಡಳಿಯ ಕೈಯಲ್ಲಿ, ಯಾರು ಎಲ್ಲಿ ವಾಸಿಸಬೇಕು ಎನ್ನುವುದೂ ಮಂಡಳಿಯ ಕೈಯಲ್ಲಿ. ಬಡತನವನ್ನು ಮಾಡಿದವರೇ ಅದನ್ನು ತಾಯಿಯ ದೋಷವೆಂದು ದಾಖಲಿಸಿದರು.

ಹಾಗಾದರೆ ಒಬ್ಬ ಹೆಂಗಸನ್ನು ಹುಡುಕುವುದು ಹೇಗೆ? ಹೆಸರಿನಿಂದ ಹೊರಟರೆ ಬಹಳ ಸಲ ಗೋಡೆಗೆ ಹಾಯ್ದಂತೆ. ಆಕೆಯ ಸ್ವಂತ ಹೆಸರು ಬರೆದೇ ಇರುವುದಿಲ್ಲ. ಮಿಷನ್ನಿನವರು ಒಂದು ಹೆಸರು, ದನದ ಎಸ್ಟೇಟಿನ ಮಾಲೀಕ ಇನ್ನೊಂದು ಹೆಸರು, ಪೊಲೀಸಿನವನು ಮತ್ತೊಂದು ಕಾಗುಣಿತ. ಮದುವೆಯಾದರೆ ಗಂಡನ ಫೈಲಿನಲ್ಲಿ ಒಂದು ಸಾಲು. ಆದ್ದರಿಂದ ಮೊದಲು ಊರನ್ನು, ಮಿಷನ್ನನ್ನು, ವರ್ಷವನ್ನು ಹಿಡಿಯಬೇಕು. ಆಮೇಲೆ ಪಡಿತರದ ಪಟ್ಟಿ, ಶಾಲೆಯ ಹಾಜರಿ, ಪೊಲೀಸ್ ಠಾಣೆಯ ಪತ್ರವ್ಯವಹಾರ. ಯಾವ ಪತ್ರಾಗಾರ ಎನ್ನುವುದೂ ಊಹೆಗೆ ನಿಲುಕುವುದಿಲ್ಲ: ವಿಕ್ಟೋರಿಯಾ ರಾಜ್ಯದ ರಕ್ಷಣಾ ಮಂಡಳಿಯ ಕಡತಗಳ ದೊಡ್ಡ ಭಾಗ ಇಂದು ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಉಳಿದದ್ದು ರಾಜ್ಯದ ಪತ್ರಾಗಾರದಲ್ಲಿ.

ಆ ವಿಕ್ಟೋರಿಯಾ ಕಡತಗಳನ್ನು ನಾನು ಮತ್ತೆ ಮತ್ತೆ ಹೊಗಳುತ್ತೇನೆ, ಹೆಂಗಸರ ಕೈಬರಹಕ್ಕಾಗಿ. 1886ರ ಕಾಯ್ದೆ "ಮಿಶ್ರ ರಕ್ತದವರು" ಎಂದು ಕರೆದು 34 ವರ್ಷದೊಳಗಿನವರನ್ನು, ಮೂಲನಿವಾಸಿಗಳಿಗೆಂದೇ ಮೀಸಲಿಟ್ಟ ವಸತಿಗಳಿಂದ ಹೊರಹಾಕಿತು. ತಾಯಿ ಬೇಲಿಯ ಒಳಗೆ, ಮಗಳು ಹೊರಗೆ. ಅಮ್ಮನನ್ನು ನೋಡಿ ಬರಲು, ಹುಷಾರಿಲ್ಲದ ತಂಗಿಯ ಬಳಿ ಇರಲು ಅನುಮತಿ ಕೇಳಿ ಹೆಂಗಸರು ಮಂಡಳಿಗೆ ಬರೆದರು. ಅವರು ಬೇಡುವುದಷ್ಟೇ ಮಾಡಲಿಲ್ಲ, ವಾದಿಸಿದರು. ಲೇಕ್ ಕೊಂಡಾ ವಸತಿಯ ಮ್ಯಾಗಿ ಮೊಬೋರ್ನ್ 1900ರಲ್ಲಿ ಅಲ್ಲಿನ ವ್ಯವಸ್ಥಾಪಕರ ವಿರುದ್ಧವೇ ಮಂಡಳಿಗೆ ಮನವಿ ಸಲ್ಲಿಸಿದರು, ಜೊತೆಯವರ ಸಹಿಗಳನ್ನೂ ಸೇರಿಸಿ. ಮೂಲನಿವಾಸಿ ಹೆಂಗಸರು ಮೂಕರಾಗಿ ಸಹಿಸಿಕೊಂಡರು ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು ಬಗೆಯ ದಾಖಲೆ ಲೆಕ್ಕಪತ್ರಗಳದ್ದು. ನ್ಯೂ ಸೌತ್ ವೇಲ್ಸ್‌ನ ಕೂಟಮಂಡ್ರಾ ಬಾಲಕಿಯರ ಗೃಹದಿಂದ ಹುಡುಗಿಯರನ್ನು ಬಿಳಿಯರ ಮನೆಗೆಲಸಕ್ಕೆ ಕಳಿಸುತ್ತಿದ್ದರು. ಸಂಬಳದಲ್ಲಿ ಅಲ್ಪ ಕೈಖರ್ಚು ಹುಡುಗಿಗೆ, ಉಳಿದದ್ದು ಮಂಡಳಿಯ ಟ್ರಸ್ಟ್ ಖಾತೆಗೆ. ಎಷ್ಟೋ ಮಂದಿಗೆ ಆ ಹಣ ಮರಳಲೇ ಇಲ್ಲ. 2004ರಲ್ಲಿ ರಾಜ್ಯ ಸರ್ಕಾರ ಕ್ಷಮೆ ಕೇಳಿ ಮರುಪಾವತಿಯ ಏರ್ಪಾಟು ಮಾಡಿತು. ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥದೇ ವೇತನಕ್ಕಾಗಿ ಹೂಡಿದ ಸಾಮೂಹಿಕ ದಾವೆ 2019ರಲ್ಲಿ 19 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಒಣ ಲೆಕ್ಕದ ಪುಟಗಳೆಂದು ಹಿಂದಿನವರು ಬದಿಗಿಟ್ಟವು ಅಜ್ಜಿಯಂದಿರ ದುಡಿಮೆಗೆ ಸಾಕ್ಷಿಯಾದವು.

ಸಿಕ್ಕಿದ್ದನ್ನೆಲ್ಲ ಪ್ರಕಟಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಬ್ಬ ಹುಡುಗಿಯ ಬಗ್ಗೆ ಅಧಿಕಾರಿಯೊಬ್ಬ ಬರೆದ ಕೀಳು ಮಾತು, ವೈದ್ಯಕೀಯ ತಪಾಸಣೆಯ ವರದಿ, ಯಾರು ತಂದೆ ಎಂಬ ಊಹಾಪೋಹ ಇವೆಲ್ಲ ಆಕೆಯ ಮೊಮ್ಮಕ್ಕಳ ಮನೆಯ ವಿಷಯ. ಅವರು ಅದನ್ನು ಮೊದಲು ಓದಬೇಕು, ಹೊರಗೆ ಹೇಳಬೇಕೇ ಬೇಡವೇ ಎಂದು ಅವರೇ ತೀರ್ಮಾನಿಸಬೇಕು. ಹೊರಗಿನಿಂದ ಬಂದ ನನ್ನಂಥವರಿಗೆ ಆ ಹಕ್ಕಿಲ್ಲ. ನ್ಯೂ ಸೌತ್ ವೇಲ್ಸ್‌ನ ಮಂಡಳಿ ದಾಖಲೆಗಳನ್ನು ನೋಡಲು ನಿರ್ಬಂಧವಿರುವುದು ಕೆಲವು ಸಂಶೋಧಕರಿಗೆ ಅಡಚಣೆಯಾಗಿ ಕಾಣುತ್ತದೆ. ನನಗೆ ಅದು ನ್ಯಾಯವಾಗಿ ಕಾಣುತ್ತದೆ.

1997ರಲ್ಲಿ ರೊನಾಲ್ಡ್ ವಿಲ್ಸನ್ ಮತ್ತು ಮಿಕ್ ಡಾಡ್ಸನ್ ಅವರ ನೇತೃತ್ವದ ರಾಷ್ಟ್ರೀಯ ವಿಚಾರಣೆಯ ವರದಿ ಹೊರಬಂತು. 1910ರಿಂದ 1970ರ ನಡುವೆ ಮೂಲನಿವಾಸಿ ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಕುಟುಂಬದಿಂದ ಬಲವಂತವಾಗಿ ಬೇರ್ಪಟ್ಟರು ಎಂದು ಅದು ಅಂದಾಜಿಸಿತು. ಇಂಥ ದಾಖಲೆಗಳನ್ನು ನಾಶ ಮಾಡಬಾರದು ಎನ್ನುವುದೂ ಅದರ ಶಿಫಾರಸುಗಳಲ್ಲಿ ಸೇರಿತ್ತು. ಆಮೇಲೆ ರಾಷ್ಟ್ರೀಯ ಪತ್ರಾಗಾರ, ಕುಟುಂಬಗಳು ತಮ್ಮವರನ್ನು ಹುಡುಕಿಕೊಳ್ಳಲೆಂದು ಕಡತಗಳಲ್ಲಿ ಚದುರಿದ್ದ ಹೆಸರುಗಳ ಸೂಚಿಯನ್ನು ಸಿದ್ಧಪಡಿಸಿತು. ಬೇರ್ಪಟ್ಟವರನ್ನು ಕೂಡಿಸುವ ಲಿಂಕ್-ಅಪ್ ಸಂಸ್ಥೆಯನ್ನು 1980ರಲ್ಲೇ ಪೀಟರ್ ರೀಡ್ ಮತ್ತು ಕೋರಲ್ ಎಡ್ವರ್ಡ್ಸ್ ಕಟ್ಟಿದ್ದರು. ಈ ವಿಷಯದಲ್ಲಿ ಕೆಲಸ ಮಾಡಬೇಕೆಂದು ನನ್ನನ್ನು ಕೇಳುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಕಡತದ ನಂಬರು ಬರೆದುಕೊಳ್ಳುವ ಮೊದಲು ಆ ಊರಿನ ಮೂಲನಿವಾಸಿ ಹಿರಿಯರನ್ನು ಕಾಣಿ, ಅವರಿಗೆ ಏನು ಬೇಕಾಗಿದೆ ಎಂದು ಕೇಳಿ. ಬೇಡ ಎಂದರೆ ಬೇರೆ ವಿಷಯ ಆರಿಸಿಕೊಳ್ಳಿ. ಆಗಲಿ ಎಂದರೆ, ಸಿಗುವ ಪ್ರತಿ ಕಾಗದದ ಮೊದಲ ನಕಲು ಅವರ ಕೈ ಸೇರಲಿ.